ಏಳು ಕೋಣೆ, ನಾಲ್ಕು ಸ್ನಾನ

ಈಗಲೂ ಯಾರದಾದರೂ ಗೃಹಪ್ರವೇಶದಲ್ಲೋ ನಾಮಕರಣದಲ್ಲೋ ಹುಡುಗರು ಊಟದ ತಟ್ಟೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂರುತ್ತಾರೆ. "ಅಂಕಲ್, ನಿಮ್ ಟೈಮಲ್ಲಿ ಐಟಿ ಬೂಮ್ ಅಂದ್ರೆ ಸಖತ್ ಮಜಾ ಇತ್ತಂತೆ, ಹೌದಾ?" ಎಂದು ಕೇಳುತ್ತಾರೆ. ಇತ್ತಪ್ಪ, ಇಲ್ಲ ಅನ್ನುವುದಿಲ್ಲ. ಬೆಳಗ್ಗೆ ರೆಸ್ಯೂಮೆ ಫ್ಯಾಕ್ಸ್ ಮಾಡಿದರೆ ಸಂಜೆಯೊಳಗೆ ಎರಡು ಮೂರು ಕಡೆಯಿಂದ ಫೋನು. ಕಂಪ್ಯೂಟರಿನ ಸ್ವಿಚ್ಚು ಎಲ್ಲಿದೆ ಎಂದು ಗೊತ್ತಿದ್ದವರೆಲ್ಲ ಕನ್ಸಲ್ಟೆಂಟುಗಳಾಗಿದ್ದ ಕಾಲ. ಆದರೆ ನಿವೃತ್ತನಾಗಿ ಕೂತು ನೆನೆಸಿಕೊಂಡರೆ ನನಗೆ ಬಂದ ಬಡ್ತಿಗಳು ಒಂದೂ ಸರಿಯಾಗಿ ನೆನಪಾಗುವುದಿಲ್ಲ. ಪೆಚ್ಚಾದ ಪ್ರಸಂಗಗಳು ಮಾತ್ರ ಅವತ್ತು ಹಾಕಿಕೊಂಡಿದ್ದ ಷರಟಿನ ಬಣ್ಣದ ಸಮೇತ ನೆನಪಿವೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗಕ್ಕೆ ಬರುವುದಾದರೆ ಅವೇ ಬಂದಾವು.

ಮೊದಲ ದಿನವೇ ಶುರುವಾಯಿತು. ನ್ಯೂಜರ್ಸಿಯ ಪಾರ್ಸಿಪನಿಯ ಆಫೀಸ್ ಪಾರ್ಕುಗಳನ್ನು ನೋಡಿದವರಿಗೆ ಗೊತ್ತು, ಎಲ್ಲ ಕಟ್ಟಡಗಳೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿರುತ್ತವೆ. ನಾನು ಪಕ್ಕದ ಕಟ್ಟಡಕ್ಕೆ ಹೋಗಿ, ಖಾಲಿ ಇದ್ದ ಕ್ಯೂಬಿಕಲ್ಲಿನಲ್ಲಿ ಗಂಭೀರವಾಗಿ ಕೂತಿದ್ದೆ. ಎರಡು ಕಪ್ ಕಾಫಿಯೂ ಆಗಿತ್ತು. ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದು, ಅಪಘಾತದ ಕ್ಲೇಮುಗಳ ಒಂದು ಕಟ್ಟನ್ನು ನನ್ನ ಮುಂದಿಟ್ಟು, ಊಟಕ್ಕೆ ಮುಂಚೆ ಮುಗಿಸಬೇಕು ಎಂದಳು. ಅದು ವಿಮಾ ಕಂಪನಿ ಎಂದು ಆಗ ತಿಳಿಯಿತು.

ನನ್ನ ನಿಜವಾದ ಆಫೀಸಿನ ಮೇಲಧಿಕಾರಿ ಫ್ರ್ಯಾಂಕ್. ಜರ್ಸಿಯಲ್ಲೇ ಹುಟ್ಟಿ ಬೆಳೆದವನು. ಬೇಗಲ್ ಬ್ರೆಡ್ಡು ತಿನ್ನುತ್ತಾ, ಕೀಬೋರ್ಡಿನ ಮೇಲೆಲ್ಲ ಎಳ್ಳು ಉದುರಿಸುತ್ತಾ ಮೀಟಿಂಗ್ ಮಾಡುತ್ತಿದ್ದ. ನನ್ನ ಹೆಸರು ಮೂರ್ತಿ, ಅವನ ಬಾಯಲ್ಲಿ ಮರ್ಟಿ. ಮನುಷ್ಯ ಕೆಟ್ಟವನಲ್ಲ. ಆದರೆ ಏನಾದರೂ ಎಡವಟ್ಟಾದಾಗ 'ಏನಾಯಿತು' ಎಂದು ಕೇಳುವುದಕ್ಕೆ ಮುಂಚೆ 'ಯಾರು' ಎಂದು ಕೇಳುತ್ತಿದ್ದ. ಅಂಥ ಮೇಲಧಿಕಾರಿ ಸಿಕ್ಕರೆ ಟೀಮಿನವರೆಲ್ಲ ಬೇಗ ಒಂದು ವಿದ್ಯೆ ಕಲಿಯುತ್ತಾರೆ. ತಪ್ಪಾಗದ ಹಾಗೆ ನೋಡಿಕೊಳ್ಳುವುದನ್ನಲ್ಲ, ತಪ್ಪಿನ ಹತ್ತಿರ ನಿಂತಿರದ ಹಾಗೆ ನೋಡಿಕೊಳ್ಳುವುದನ್ನು.

ನಮಗೊಂದು ಪ್ರಾಜೆಕ್ಟ್ ಬಂತು. ಹತ್ತಿರದ ಫೋರ್ಟ್ ಲೀ ಊರಿನಲ್ಲಿ ಜಪಾನೀಯರ ಒಂದು ಪ್ರವಾಸ ಕಂಪನಿಯಿತ್ತು. ಜಪಾನಿನ ಬೆಟ್ಟಗಳಲ್ಲಿ ಬಿಸಿನೀರಿನ ಬುಗ್ಗೆಗಳಿರುವ ಕಡೆ ಸಣ್ಣ ಸಣ್ಣ ವಸತಿಗೃಹಗಳಿವೆಯಷ್ಟೆ, ಅವುಗಳನ್ನು ಅಮೆರಿಕದಿಂದಲೇ ಇಂಟರ್ನೆಟ್ಟಿನಲ್ಲಿ ಬುಕ್ ಮಾಡುವ ವ್ಯವಸ್ಥೆ ಅವರಿಗೆ ಬೇಕಿತ್ತು. ಆಗ ಅದು ದೊಡ್ಡ ಮಾತು. ಈಗಿನವರಿಗೆ ನಗು ಬರಬಹುದು, ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ವಸತಿಗೃಹದವರು ಕೈಯಲ್ಲಿ ಬರೆದ ಜಪಾನಿ ಫಾರಮ್ಮನ್ನು ಫ್ಯಾಕ್ಸ್ ಮಾಡುವರು. ಕ್ಲೈಂಟ್ ಕಡೆಯ ತನಾಬೆ ಎಂಬವರು ಅದರ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಇಂಗ್ಲಿಷಿಗೆ ತಿರುಗಿಸುವರು. ನಮ್ಮ ಸುಧಾ ಅದನ್ನು ಸ್ಪ್ರೆಡ್‌ಶೀಟಿಗೆ ಟೈಪ್ ಮಾಡುವಳು. ನಾನು ಆ ಶೀಟನ್ನು 'ಕ್ಲೀನ್' ಮಾಡಿ, ಅಂದರೆ ತಪ್ಪು ಹುಡುಕಿ ತಿದ್ದಿ, ಡೇಟಾಬೇಸಿಗೆ ಏರಿಸುವವನು.

ಸುಧಾ ಧಾರವಾಡದವಳು. ಬಂದು ಒಂದು ವರ್ಷವೂ ಆಗಿರಲಿಲ್ಲ, ಎಚ್‌-ಒನ್ ವೀಸಾ. ಕೆಲಸ ಹೋದರೆ ವೀಸಾವೂ ಹೋಯಿತು, ಗಂಟುಮೂಟೆ ಕಟ್ಟಬೇಕು. ಅಚ್ಚುಕಟ್ಟಿನ ಹುಡುಗಿ. ಟೈಪ್ ಮಾಡಿದ ಪ್ರತಿ ಸಾಲನ್ನೂ ಸ್ಕೇಲು ಇಟ್ಟುಕೊಂಡು ಫ್ಯಾಕ್ಸಿನ ಜೊತೆ ತಾಳೆ ನೋಡುತ್ತಿದ್ದಳು.

ಇನ್ನು ನಾನು. ಕ್ಲೀನ್ ಮಾಡುವುದರಲ್ಲಿ ನನಗೆ ಬಲು ಹೆಮ್ಮೆ. ವಸತಿಗೃಹದವರೇ ಕೋಣೆಗಳ ಸಂಖ್ಯೆಯ ಜಾಗದಲ್ಲಿ ಟೆಲಿಫೋನ್ ನಂಬರು ಬರೆದಿದ್ದನ್ನು ಹಿಡಿದಿದ್ದೆ. ಬಾಡಿಗೆಯ ಜಾಗದಲ್ಲಿ ಪಿನ್‌ಕೋಡ್ ಬರೆದಿದ್ದನ್ನು ಹಿಡಿದಿದ್ದೆ. ಫ್ರ್ಯಾಂಕ್ ನನ್ನ ಬೆನ್ನು ತಟ್ಟಿ, "ಮರ್ಟಿ ಹ್ಯಾಸ್ ದಿ ಐ," ಮರ್ಟಿಯ ಕಣ್ಣು ಚುರುಕು, ಎಂದಿದ್ದ. ಹೊಗಳಿದವರ ಮುಂದೆ ಕುಣಿಯುವ ಜಾತಿ ನನ್ನದು. ಅಲ್ಲಿಂದ ಮುಂದೆ ಏನು ಕಂಡರೂ ತಿದ್ದುವ ಚಟ ಹತ್ತಿತು. ತಿದ್ದಿ, ಅದೇ ಫೈಲಿನ ಮೇಲೆ ಸೇವ್ ಒತ್ತುತ್ತಿದ್ದೆ. ಹಳೆಯದು ಅಲ್ಲಿಗೆ ಮಾಯ.

ಪರೀಕ್ಷೆಗೆಂದು ಒಂದೇ ಒಂದು ವಸತಿಗೃಹದ ಬುಕಿಂಗ್ ತೆರೆದು ಶುರು ಮಾಡಿದೆವು. ಏಳು ಕೋಣೆಗಳ ಪುಟ್ಟ ಮನೆ. ಆ ಕಣಿವೆಯಲ್ಲೆಲ್ಲ ಅದರ ಒಡತಿಯ ಮಾತಿಗೆ ತೂಕ, ಅವಳು ಸೈ ಎಂದರೆ ಉಳಿದವರೂ ಸೈ. ಅಲ್ಲಿನ ರಜೆಯ ವಾರಾಂತ್ಯದಲ್ಲಿ ನಮ್ಮ ಸಿಸ್ಟಮ್ ಏಳೂ ಕೋಣೆಗಳನ್ನು ಟಕಟಕನೆ ಮಾರಿತು. ನಾವು ಪಾರ್ಸಿಪನಿಯಲ್ಲಿ ಪೀಟ್ಸಾ ತರಿಸಿ ಹಬ್ಬ ಮಾಡಿದೆವು. ಮಂಗಳವಾರ ತನಾಬೆಯವರಿಂದ ಫೋನು ಬಂತು. ಒಡತಿ ಫಾರಮ್ಮಿನಲ್ಲಿ 'ದಿನಕ್ಕೆ ನಾಲ್ಕು ತಂಡ ಮಾತ್ರ' ಎಂದು ಬರೆದಿದ್ದಳಂತೆ. ಏಳು ತಂಡ ಬಂದಿಳಿದಿವೆ. ಮಂಡಿ ನೋವಿಗೆಂದು ಪ್ರತಿ ವರ್ಷ ಬರುತ್ತಿದ್ದ ಒಬ್ಬ ಮುದುಕರು ಸ್ನಾನವೇ ಸಿಗದೆ ವಾಪಸು ಹೋಗಿದ್ದಾರೆ. ಒಡತಿ ತನ್ನ ಮನೆಯನ್ನು ನಮ್ಮ ಸಿಸ್ಟಮ್ಮಿನಿಂದ ತೆಗೆಯಿರಿ ಎಂದಿದ್ದಾಳೆ.

ಫ್ರ್ಯಾಂಕ್ ಫ್ಯಾಕ್ಸ್ ತೆಗೆದ. ಅದರಲ್ಲಿ ನಾಲ್ಕು. ಶೀಟ್ ತೆಗೆದ. ಅದರಲ್ಲಿ ಏಳು. ಶೀಟಿನ ಮೇಲೆ 'ತಯಾರಿಸಿದವರು: ಸುಧಾ' ಎಂದಿತ್ತು. ಅವನ 'ಯಾರು' ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಹೋಯಿತು.

"ಇಲ್ರೀ ಸರ್, ನಾ ನಾಕ ಅಂತನ ಹೊಡದೀನಿ. ಸ್ಕೇಲ್ ಇಟ್ಟು ನೋಡೀನಿ, ನನಗ ಛಲೋ ನೆನಪದ," ಎಂದು ಸುಧಾ ನನ್ನ ಹತ್ತಿರ ಬಂದು ಹೇಳಿದಳು. ಕಣ್ಣು ಕೆಂಪಾಗಿತ್ತು. ನಾನು ಏನು ಹೇಳಿದೆ ಗೊತ್ತೇ? "ನೋಡಮ್ಮ, ಮನುಷ್ಯರಿಂದ ತಪ್ಪಾಗೋದು ಸಹಜ. ಒಪ್ಕೊಂಡುಬಿಡು, ಮನಸ್ಸು ಹಗುರ ಆಗುತ್ತೆ." ಈ ಮಾತನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯಾಗುತ್ತಿದೆ. ಆಗ ನಾನು ನಿಜವಾಗಿಯೂ ಅವಳದೇ ತಪ್ಪು ಎಂದು ನಂಬಿದ್ದೆ.

ಫ್ರ್ಯಾಂಕ್ ತೀರ್ಮಾನಿಸಿಬಿಟ್ಟ. ತಿಂಗಳ ಕೊನೆಗೆ ಸುಧಾಳನ್ನು ಕೆಲಸದಿಂದ ಬಿಡುವುದು. ಅಷ್ಟರೊಳಗೆ ಒಪ್ಪಂದದ ಕಾಗದಕ್ಕೆ ಒಡತಿಯಿಂದ ಮತ್ತೆ ಸಹಿ ತರುವುದು. ಮೇಲ್ ಬರೆದರೆ ಸಾಲದು, ಎದುರಿಗೆ ಹೋಗಿ ಕ್ಷಮೆ ಕೇಳಬೇಕು ಎಂದು ತನಾಬೆ ಹೇಳಿದರು. ಫ್ರ್ಯಾಂಕಿಗೆ ವಿಮಾನವೆಂದರೆ ಆಗದು. ಟೀಮಿನಲ್ಲಿ ಆಗಷ್ಟೇ ಗ್ರೀನ್ ಕಾರ್ಡ್ ಬಂದಿದ್ದವನು ನಾನೊಬ್ಬ. ಉಳಿದವರೆಲ್ಲ ವಾಪಸು ಬರಲು ವೀಸಾಕ್ಕೆ ಮತ್ತೆ ಸ್ಟ್ಯಾಂಪ್ ಸಿಗದೆ ಹೋದೀತೆಂಬ ಭಯದಲ್ಲಿ ದೇಶ ಬಿಟ್ಟು ಕದಲುವ ಹಾಗಿರಲಿಲ್ಲ. ಸರಿ, ನಾನೇ ಹೊರಟೆ. ಸಹಿ ತಂದರೆ ಅದನ್ನು ಫ್ರ್ಯಾಂಕಿನ ಮುಂದಿಟ್ಟು, ಆ ಹುಡುಗಿಯನ್ನು ಉಳಿಸು ಎಂದು ಕೇಳುವುದು ನನ್ನ ಲೆಕ್ಕಾಚಾರ. ಸುಧಾಳಿಗೂ ಹಾಗೇ ಹೇಳಿದೆ. ಅವಳು ಕೈಮುಗಿದಳು. ನಾನು ದೊಡ್ಡ ಮನುಷ್ಯನ ಹಾಗೆ ಇರಲಿ ಇರಲಿ ಎಂದೆ.

ನನ್ನ ಹೆಂಡತಿ ಗಿರಿಜಾ ಒಂದು ಡಬ್ಬಿ ಚಟ್ನಿಪುಡಿ, ಒಂದು ಡಬ್ಬಿ ಹುರಿದ ಅವಲಕ್ಕಿ, ಒಂದು ಸಣ್ಣ ಬಾಟಲಿ ಹರಳೆಣ್ಣೆ ಕಟ್ಟಿಕೊಟ್ಟಳು. "ಅಷ್ಟು ದೂರ ಪ್ಲೇನಲ್ಲಿ ಕೂತ್ರೆ ಉಷ್ಣ ಆಗುತ್ತೆ. ಹೋದ ತಕ್ಷಣ ತಲೆಗೆ ತಟ್ಟಿಕೊಂಡು ಸ್ನಾನ ಮಾಡ್ರಿ. ಬಿಸಿನೀರಿನ ಊರಂತೆ, ಇನ್ನೇನು ಬೇಕು?"

ಅನುವಾದಕ್ಕೆಂದು ಜೊತೆಗೆ ಬಂದಿದ್ದ ತನಾಬೆ ದಾರಿಯಲ್ಲಿ ನನಗೆ ಪಾಠ ಹೇಳಿದರು. "ಮೊದಲು ಬಾಗಿ. ಕಾರಣ ಹೇಳಬೇಡಿ, ಅವರು ಕೇಳಿದರೆ ಮಾತ್ರ ಹೇಳಿ." ಸ್ನಾನದ ವಿಷಯವನ್ನೂ ಹೇಳಿದರು. "ತೊಟ್ಟಿಯ ಹೊರಗೆ ಕೂತು ಮೈ ಚೆನ್ನಾಗಿ ತೊಳೆಯಿರಿ. ತೊಟ್ಟಿಗೆ ಸೋಪು ತಾಗಬಾರದು. ಅಮೆರಿಕದವರು ಅಲ್ಲೇ ತಪ್ಪು ಮಾಡುತ್ತಾರೆ." ಮೈಸೂರು ಕಡೆಯವನಿಗೆ ಇದನ್ನು ಹೇಳಿಕೊಡಬೇಕೇ ಎಂದು ನಾನು ಒಳಗೇ ನಕ್ಕೆ.

ಮಧ್ಯಾಹ್ನ ಮೂರಕ್ಕೆ ತಲುಪಿದೆವು. ಮರದ ಹಳೆಯ ಮನೆ, ಹಿಂದೆ ಕಡಿದಾದ ಬೆಟ್ಟ, ಪಕ್ಕದಲ್ಲಿ ತೊರೆ. ಬಾಗಿಲಲ್ಲಿ ಒಡತಿ ನಿಂತಿದ್ದಳು. ಅರವತ್ತು ದಾಟಿದ, ಗಿಡ್ಡನೆಯ, ಗಟ್ಟಿ ಹೆಂಗಸು. ನಾನು ಎಷ್ಟು ಬಾಗಿದೆನೆಂದರೆ ಜೇಬಿನ ಪೆನ್ನು ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಟ್ಟು, ಶೂ ಬಿಚ್ಚಿ ಎಂದು ಸನ್ನೆ ಮಾಡಿ, ಚಹಾ ಕೊಟ್ಟು, ಸಹಿಯ ಮಾತನ್ನು ಊಟದ ಮೇಲೆ ಆಡೋಣ, ಮೊದಲು ಸ್ನಾನ ಎಂದಳು. ತನಾಬೆಯವರಿಗೆ ಫೋನು ಬಂದದ್ದರಿಂದ ನಾನೊಬ್ಬನೇ ಬಚ್ಚಲಿಗೆ ಹೋದೆ.

ಒಳಗೆ ಕಾಲಿಟ್ಟರೆ ನಂಜನಗೂಡಿನ ನಮ್ಮ ಅಜ್ಜಿಯ ಬಚ್ಚಲುಮನೆ! ಕಲ್ಲಿನ ನೆಲ, ಕೂರಲು ಗಿಡ್ಡ ಮಣೆ, ಮೊಗೆಯಲು ಮರದ ಪುಟ್ಟ ಬಕೆಟ್ಟು, ಗೋಡೆಯಲ್ಲಿ ತಣ್ಣೀರಿನ ನಲ್ಲಿ, ಪಕ್ಕದಲ್ಲಿ ಹಬೆಯಾಡುವ ಬಿಸಿನೀರು ತುಂಬಿದ ಮರದ ತೊಟ್ಟಿ. ಇಷ್ಟು ವರ್ಷ ಅಮೆರಿಕದ ಷವರಿನ ಕೆಳಗೆ ಕೋಲಿನ ಹಾಗೆ ನಿಂತು ಸ್ನಾನ ಮಾಡಿದವನಿಗೆ ಊರಿಗೆ ಮರಳಿದಂತಾಯಿತು ಎಂದರೆ ನೀವು ನಂಬಬೇಕು. ಮಣೆ ಎಳೆದುಕೊಂಡು ಕೂತೆ. ಹರಳೆಣ್ಣೆ ತಲೆಗೆ ತಟ್ಟಿದೆ, ಮೈಗೂ ತಿಕ್ಕಿದೆ, ನೆನೆಯಲು ಬಿಟ್ಟೆ. ಆಮೇಲೆ ಹಂಡೆಯಿಂದ ಮೊಗೆದು ಹಾಕಿಕೊಳ್ಳುವ ಹಾಗೆ ತೊಟ್ಟಿಯಿಂದ ಮೊಗೆಮೊಗೆದು ಹಾಕಿಕೊಂಡೆ. ಹರಳೆಣ್ಣೆ ಎಂದರೆ ನಿಮಗೆ ಗೊತ್ತಲ್ಲ, ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಇನ್ನೊಂದು ಬಕೆಟ್ಟು, ಮತ್ತೊಂದು ಬಕೆಟ್ಟು. ಬಾಯಲ್ಲಿ ಗಂಗೇ ಚ ಯಮುನೇ ಚೈವ ಬೇರೆ. ತೊಟ್ಟಿಯೊಳಗೆ ಇಳಿಯಬೇಕೆಂಬ ಯೋಚನೆ ನನಗೆ ಬರಲೇ ಇಲ್ಲ. ಹಂಡೆಯೊಳಗೆ ಇಳಿಯುವವರುಂಟೇ? ಅಮೆರಿಕದವರು ಮಾಡುವ ತಪ್ಪನ್ನು ನಾನು ಮಾಡಲಿಲ್ಲ. ನಮ್ಮವರು ಮಾತ್ರ ಮಾಡಬಹುದಾದದ್ದನ್ನು ಮಾಡಿದೆ.

ತನಾಬೆ ಸಣ್ಣ ಟವೆಲು ಹಿಡಿದು ಒಳಗೆ ಬಂದವರು ತೊಟ್ಟಿ ನೋಡಿ ನಿಂತುಬಿಟ್ಟರು. ನೀರು ಮೊಣಕಾಲಿಗಿಂತ ಕೆಳಗಿತ್ತು.

"ತೊಟ್ಟಿ ಸೋರುತ್ತಿದೆಯೇ?" ಎಂದು ಕೇಳಿದರು.

"ಇಲ್ಲ, ಸ್ನಾನ ಮಾಡಿದೆ," ಎಂದೆ.

"ಪೂರ್ತಿ?"

ಎಷ್ಟು ಮರ್ಯಾದಸ್ಥರೆಂದರೆ ಅವರು ನಗಲಿಲ್ಲ. ಈ ನೀರಿನಲ್ಲಿ ಮನೆಯ ಅತಿಥಿಗಳೆಲ್ಲ ಒಬ್ಬರ ನಂತರ ಒಬ್ಬರು ಇಳಿದು ಕೂರಬೇಕು, ಮೈ ತೊಳೆದುಕೊಳ್ಳಲು ನಾಲ್ಕಾರು ಬಕೆಟ್ಟು ಸಾಕು ಎಂದು ಮೆಲ್ಲಗೆ ಹೇಳಿದರು. ತೊಟ್ಟಿಯ ತಲೆಯ ಮೇಲೆ ಒಂದು ಬಿದಿರಿನ ಕೊಳವೆಯಿತ್ತು. ಅದರಿಂದ ಕಿರುಬೆರಳಿನ ಗಾತ್ರದಲ್ಲಿ ಬಿಸಿನೀರು ಬೀಳುತ್ತಿತ್ತು. ಬೆಟ್ಟ ಆ ಮನೆಗೆ ಕೊಡುವುದು ಅಷ್ಟೇ ನೀರು. ಅದು ಮತ್ತೆ ತುಂಬಲು ಒಂದೂವರೆ ಗಂಟೆ ಬೇಕಂತೆ, ಪ್ರತಿ ತಂಡದ ಸ್ನಾನವಾದ ಮೇಲೂ ತಗ್ಗಿದ ನೀರು ತುಂಬುವವರೆಗೆ ಮುಂದಿನವರು ಕಾಯಬೇಕಂತೆ.

ಬಟ್ಟೆ ಹಾಕಿಕೊಂಡು ಹೊರಗೆ ಬಂದರೆ ಪಡಸಾಲೆಯ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ ತೊಡೆಯ ಮೇಲೆ ಟವೆಲು ಮಡಿಸಿಟ್ಟುಕೊಂಡು ಕಾಯುತ್ತಿದ್ದರು. ಒಡತಿ ಬಂದು ಅವರ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ನನ್ನ ಕಡೆ ನೋಡಿ ತಲೆಬಾಗಿ ನಕ್ಕರು, ಮತ್ತೆ ಕೂತರು. ಎಣ್ಣೆ ಹೊಳೆಯುವ ತಲೆ ಹೊತ್ತುಕೊಂಡು ನಾನು ಅವರ ಎದುರಿಗೆ ಕೂತೆ. ಏಳು ಕೋಣೆಗಳಿದ್ದರೂ ನಾಲ್ಕೇ ತಂಡ ಏಕೆ ಎಂಬುದು ಈಗ ಮಗುವಿಗೂ ಅರ್ಥವಾಗುವ ಹಾಗಿತ್ತು. ಅಲ್ಲಿ ಮಾರಾಟಕ್ಕಿದ್ದದ್ದು ಕೋಣೆಯಲ್ಲ, ನೀರು.

ಅರ್ಥವಾದ ಕೂಡಲೇ ಸುಧಾಳ ಶೀಟಿನ ಆ ಸಾಲು ಕಣ್ಣಮುಂದೆ ಬಂತು. ಕೋಣೆ ಏಳು, ದಿನಕ್ಕೆ ನಾಲ್ಕು ತಂಡ. ನಾನು ನೋಡಿದ್ದೆ. 'ಏಳು ರೂಮಿದ್ರೆ ಏಳು ಬುಕಿಂಗ್, ಇದೇನಿದು ನಾಲ್ಕು' ಎಂದು ಗೊಣಗಿದ್ದೆ. ಅಳಿಸಿ, ಏಳು ಒತ್ತಿ, ಸೇವ್ ಮಾಡಿ, ಕಾಫಿಗೆ ಎದ್ದು ಹೋಗಿದ್ದೆ. ಸುಧಾ ಹೇಳಿದ್ದು ಅಕ್ಷರಶಃ ನಿಜ.

ಊಟಕ್ಕೆ ಒಡತಿ ಕೋಣೆಗೇ ಬಂದಳು. ಮೀನು ಮಾಂಸ ಬೇಡವೆಂದು ತನಾಬೆ ಮುಂಚೆಯೇ ತಿಳಿಸಿದ್ದರಿಂದ ಬೆಟ್ಟದ ಸೊಪ್ಪು, ಅಣಬೆ, ಬೆರಳು ತಾಗಿದರೆ ನಡುಗುವ ಟೋಫು, ಬಿಳಿ ಅನ್ನ. ಸಾರಿಗೂ ಮೀನು ಹಾಕಿಲ್ಲ, ಕಡಲಕಳೆಯದು ಎಂದು ಅವಳೇ ಹೇಳಿದಳು. ನಾನು ಬಾಯಿ ರುಚಿಗೆ ಚಟ್ನಿಪುಡಿ ಕಲಸಿಕೊಂಡೆ. ಅವಳು ಕುತೂಹಲದಿಂದ ಚಿಟಿಕೆ ನೆಕ್ಕಿ, ಎರಡು ಸಲ ಸೀನಿ, ಮತ್ತೆ ಅಂಗೈ ಚಾಚಿದಳು. ಆಮೇಲೆ ಕಾಗದ ಎದುರಿಗಿಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದಳು, ತನಾಬೆ ಅನುವಾದ ಮಾಡಿದರು. "ನಾಲ್ಕು ಎಂದು ಬರೆದದ್ದು ನಿಮ್ಮವರಿಗೆ ಕಾಣಲಿಲ್ಲವೇ?"

"ಕಂಡಿತ್ತು," ಎಂದೆ. "ಕಂಡವನು ನಾನೇ. ಬದಲಾಯಿಸಿದವನೂ ನಾನೇ. ನಿಮ್ಮ ಮನೆಯ ವಿಷಯ ನಿಮಗಿಂತ ನನಗೇ ಚೆನ್ನಾಗಿ ಗೊತ್ತು ಅಂದುಕೊಂಡೆ."

ತನಾಬೆ ಇದನ್ನು ಅನುವಾದ ಮಾಡಿದರು. ಒಡತಿ ನನ್ನನ್ನೇ ನೋಡಿದಳು. "ನನ್ನ ಅಳಿಯನೂ ಹೀಗೇ," ಎಂದಳು. "ಅವನು ಇಲ್ಲಿಯವರೆಗೆ ಒಪ್ಪಿಕೊಂಡಿಲ್ಲ." ಬೆಳಗ್ಗೆ ನೋಡೋಣ ಎಂದು ಕಾಗದ ಎತ್ತಿಕೊಂಡು ಹೋದಳು.

ಬೆಳಗ್ಗೆ ಅವಳೇ ಬಚ್ಚಲಿನ ಬಾಗಿಲವರೆಗೆ ಬಂದು, ತೊಟ್ಟಿ ತೋರಿಸಿ, ಇಳಿ ಎಂದು ಕೈಸನ್ನೆ ಮಾಡಿ ಹೋದಳು. ಮೂರು ಬಕೆಟ್ಟಿನಲ್ಲಿ ಮೈ ತೊಳೆದು, ಮನಸ್ಸಿನಲ್ಲೇ ಅಜ್ಜಿಯ ಕ್ಷಮೆ ಕೇಳಿ, ಹಂಡೆಯೊಳಗೆ ಇಳಿದೆ. ಕುತ್ತಿಗೆಯವರೆಗೆ ಬಿಸಿನೀರು. ಕಿಟಕಿಯಾಚೆ ಬೆಟ್ಟ. ಇಪ್ಪತ್ತು ನಿಮಿಷ ನನಗೆ ಫ್ರ್ಯಾಂಕೂ ನೆನಪಾಗಲಿಲ್ಲ, ಡೇಟಾಬೇಸೂ ನೆನಪಾಗಲಿಲ್ಲ. ಹೊರಡುವಾಗ ಅವಳು ಸಹಿ ಹಾಕಿದ ಕಾಗದ ಕೊಟ್ಟಳು. ಆ ಸಂಖ್ಯೆಯನ್ನು ತನ್ನನ್ನು ಕೇಳದೆ ಯಾರೂ ಮುಟ್ಟಕೂಡದೆಂದು ಕೆಳಗೆ ಒಂದು ಸಾಲು ಸೇರಿಸಿದ್ದಳು. ರೈಲಿನಲ್ಲಿ ನಾನು ತನಾಬೆಯವರನ್ನು, "ಫ್ರ್ಯಾಂಕಿಗೆ ಹೇಳುತ್ತೀರಾ?" ಎಂದು ಕೇಳಿದೆ. "ಅದು ನಿಮ್ಮ ಮನೆಯೊಳಗಿನ ವಿಷಯ," ಎಂದು ಅವರು ಕಣ್ಣು ಮುಚ್ಚಿಕೊಂಡರು.

ಪಾರ್ಸಿಪನಿಗೆ ಬಂದು ಕಾಗದ ಕೊಟ್ಟು, ಸುಧಾಳನ್ನು ಉಳಿಸು ಎಂದಾಗ ಫ್ರ್ಯಾಂಕ್ ಕುರ್ಚಿಯಿಂದ ಎದ್ದು ನನ್ನನ್ನು ಅಪ್ಪಿಕೊಂಡ. "ಫ್ರ್ಯಾಂಕ್, ಆ ನಂಬರ್ ವಿಷಯ..." ಎಂದು ನಾನು ಶುರು ಮಾಡಿದೆ.

"ಫರ್ಗೆಟ್ ಇಟ್, ಮರ್ಟಿ! ಸಿಸ್ಟಮ್ ಎರರ್ ಅಂತ ಬರೆದು ಕ್ಲೋಸ್ ಮಾಡು. ಹುಡುಗಿಯೂ ಇರಲಿ. ನೀನು ಕೇಳ್ತಿದೀಯ ಅಂತ ಬಿಟ್ಟಿದೀನಿ."

ನಾನು ಬಾಯಿ ಮುಚ್ಚಿಕೊಂಡೆ. ದೂರದ ದೇಶದಲ್ಲಿ, ಮತ್ತೆಂದೂ ನೋಡದವರ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ. ದಿನಾ ಮುಖ ನೋಡುವವರ ಮುಂದೆ ನಾಲಿಗೆ ಏಳುವುದಿಲ್ಲ. ಹೇಗೂ ಸುಧಾಳ ಕೆಲಸ ಉಳಿಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕೆಲಸ ಉಳಿದರೂ ಹೆಸರು ಉಳಿಯಲಿಲ್ಲ. ಅವಳು ಯಾವ ಶೀಟು ಕೊಟ್ಟರೂ ಇನ್ನೊಬ್ಬರು ತಾಳೆ ನೋಡತೊಡಗಿದರು. "ಸುಧಾ, ಇಸ್ ಇಟ್ ಫೋರ್ ಆರ್ ಸೆವೆನ್?" ಎಂಬುದು ಆಫೀಸಿನ ಜೋಕಾಯಿತು. ಅವಳೂ ನಗುತ್ತಿದ್ದಳು. ಸ್ಕೇಲಿನ ಜೊತೆ ಈಗ ಭೂತಗನ್ನಡಿಯನ್ನೂ ತಂದಿಟ್ಟುಕೊಂಡಿದ್ದಳು.

ಎರಡು ವಾರ ಕಳೆದಿರಬೇಕು. ಶನಿವಾರ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಗಿರಿಜಾ ದೋಸೆಯ ಸಾಲಿನಲ್ಲಿ ನಿಂತಿದ್ದಳು, ನಾನು ಪುಳಿಯೋಗರೆ ತಿನ್ನುತ್ತಿದ್ದೆ. ಸುಧಾ ಬಂದು ಎದುರು ಕೂತಳು. "ಸರ್, ನಿಮ್ಮ ಉಪಕಾರ ನಾ ಮರ್ಯೂದಿಲ್ರೀ. ಅಪ್ಪಾಗೂ ಹೇಳೀನಿ. ಖರೇ ಅಂದ್ರ, ನಾಕ ಹೊಡದ ನೆನಪು ಈಗೂ ಅದ. ಆದ್ರ ನನ್ನ ತಲಿನ ನನಗ ಸುಳ್ಳು ಹೇಳಾಕತ್ತೇತೇನೋ ಅನಸ್ತದ. ಡಾಕ್ಟರ್ ಹತ್ರ ಹೋಗ್ಲೇನು ಅಂತ ವಿಚಾರ ಮಾಡೀನಿ."

ಪುಳಿಯೋಗರೆಯ ತಟ್ಟೆ ಪಕ್ಕಕ್ಕಿಟ್ಟೆ. "ಸುಧಾ, ನಿನ್ನ ನೆನಪು ಸರಿಯಾಗಿದೆ. ನೀನು ನಾಲ್ಕೇ ಹೊಡೆದಿದ್ದೆ. ಏಳು ಮಾಡಿದ್ದು ನಾನು," ಎಂದೆ. ಅವಳು ನನ್ನ ಮುಖ ನೋಡಿದಳು. ಪ್ರಸಾದದ ಪೊಟ್ಟಣ ಎತ್ತಿಕೊಂಡು ಎದ್ದು ಹೋದಳು. ಗಿರಿಜಾ ದೋಸೆ ತಂದಿಟ್ಟು, "ಏನಾಯ್ತು ಆ ಹುಡುಗೀಗೆ?" ಎಂದು ಕೇಳಿದಾಗ ಅವಳಿಗೂ ಎಲ್ಲ ಹೇಳಿದೆ. ಅವಳು ದೋಸೆಯ ತಟ್ಟೆ ಎತ್ತಿಕೊಂಡು ಕಾರಿನ ಕಡೆ ನಡೆದಳು.

ಸೋಮವಾರ ಬೆಳಗ್ಗೆ ಕೋಟು ತೆಗೆಯುವುದರೊಳಗೆ ಸುಧಾ ನನ್ನ ಕ್ಯೂಬಿಕಲ್ಲಿಗೆ ಬಂದಳು. "ಸರ್, ನನಗೊಬ್ಬಾಕಿಗೆ ಹೇಳಿದ್ರ ಆಗೂದಿಲ್ರೀ. ಎಲ್ಲಾರೂ ನನ್ನ ಕಡೆ ನೋಡಿ ನಕ್ಕಾರ. ಎಲ್ಲಾರಿಗೂ ಬರೀರಿ. ನಾ ಇಲ್ಲೇ ನಿಂತಿರ್ತೀನಿ."

ಕಂಪ್ಯೂಟರ್ ಹಚ್ಚಿದೆ. ಫ್ರ್ಯಾಂಕಿಗೆ, ಟೀಮಿನ ಪ್ರತಿಯೊಬ್ಬರಿಗೆ, ತನಾಬೆಯವರಿಗೆ ವಿಳಾಸ ಹಾಕಿದೆ. ಮುಂದಾಗುವುದೆಲ್ಲ ಕಣ್ಣಿಗೆ ಕಟ್ಟಿತು. ಆದದ್ದೂ ಹಾಗೇ. ಫ್ರ್ಯಾಂಕ್ ಮತ್ತೆಂದೂ ನನ್ನನ್ನು ಅಪ್ಪಿಕೊಳ್ಳಲಿಲ್ಲ, ಶೀಟುಗಳನ್ನು ಕೊನೆಯದಾಗಿ ನೋಡಿ ಏರಿಸುವ ಕೆಲಸವನ್ನು ನನ್ನಿಂದ ತೆಗೆದು ಸುಧಾಳಿಗೆ ಕೊಟ್ಟ. ಅದು ಸರಿಯಾದ ತೀರ್ಮಾನವೇ. ಆ ಬೆಳಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ಸುಧಾ ಸರಿಯಾಗಿ ನಾಲ್ಕು ಎಂದು ಟೈಪ್ ಮಾಡಿದ್ದಳು, ಅದನ್ನು ಕಣ್ತಪ್ಪಿನಿಂದ ಏಳು ಮಾಡಿದವನು ನಾನು ಎಂದು. ಸೆಂಡ್ ಒತ್ತಲು ಹೋದೆ.

ಅವಳು ಹಿಂದಿನಿಂದ ಬಗ್ಗಿ, ಸ್ಕೇಲನ್ನು ಪರದೆಗೆ ತಾಗಿಸಿ ಓದುತ್ತಿದ್ದಳು.

"ಕಣ್ತಪ್ಪು ಅಲ್ರೀ ಸರ್ ಇದು," ಎಂದಳು. "ನೀವು ನೋಡೇ ತಿದ್ದೀರಿ."

ಆ ಪದವನ್ನು ಅಳಿಸಿದೆ. ಅವಳು ಇನ್ನೊಂದು ಸಲ ಓದಿ, ಸ್ಕೇಲು ತೆಗೆದಳು. ಆಮೇಲೆ ಕಳಿಸಿದೆ.